"ನಮ್ಮ ಹುಡುಗ ಅಂಥವನಲ್ಲ": ಜಪಾನ್ ಕೋರ್ಟುಗಳು ಹಾಕಿದ ಲೆಕ್ಕ

ಸ್ಕೂಲಿಂದ ಫೋನ್ ಬರುತ್ತೆ: "ನಿಮ್ಮ ಮಗ ಇನ್ನೊಬ್ಬ ಹುಡುಗನ್ನ ದಿನಾ ಗೋಳು ಹೊಯ್ಕೊಳ್ತಿದ್ದಾನೆ." ಬಹಳ ಮನೆಗಳಲ್ಲಿ ಮೊದಲು ಬರೋ ಉತ್ತರ ಯಾವುದು ಗೊತ್ತಲ್ಲ? "ನಮ್ಮ ಹುಡುಗ ಅಂಥವನಲ್ಲ."

ಈ ಮಾತನ್ನ ದಶಕಗಳ ಕಾಲ ಕೋರ್ಟಿನಲ್ಲಿಟ್ಟು ತೂಗಿದ ದೇಶ ಜಪಾನ್. ಇವತ್ತಿನ ಸಂಚಿಕೆ ಅದರ ಬಗ್ಗೆ. ಇದರಲ್ಲಿ ಮಕ್ಕಳ ಆತ್ಮಹತ್ಯೆಯ ಪ್ರಸ್ತಾಪ ಇದೆ, ಮನಸ್ಸು ಸರಿಯಿಲ್ಲದಿದ್ದರೆ ಆಮೇಲೆ ಕೇಳಿ.

ಸಹಪಾಠಿಗಳ ಕಾಟಕ್ಕೆ ಜಪಾನಿನಲ್ಲಿ 'ಇಜಿಮೆ' ಅಂತಾರೆ. ಟೋಕಿಯೊದ ನಕಾನೊದಲ್ಲಿ 13 ವರ್ಷದ ಒಬ್ಬ ಹುಡುಗ ಬದುಕಿರುವಾಗಲೇ ಅವನ ಕ್ಲಾಸಿನವರು ಅವನ ಅಂತ್ಯಸಂಸ್ಕಾರದ ನಾಟಕ ಆಡಿದ್ರು. ಸಂತಾಪದ ಕಾರ್ಡಿಗೆ ಶಿಕ್ಷಕರೂ ಸಹಿ ಹಾಕಿದ್ರು! 1986ರಲ್ಲಿ ಆ ಹುಡುಗ ಪ್ರಾಣ ಕಳೆದುಕೊಂಡ. 1994ರಲ್ಲಿ ಟೋಕಿಯೊ ಹೈಕೋರ್ಟ್ ಸ್ಥಳೀಯ ಆಡಳಿತದ ಜೊತೆಗೆ, ಕಾಟ ಕೊಟ್ಟ ಇಬ್ಬರು ಹುಡುಗರ ತಂದೆ-ತಾಯಿಯೂ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು.

ಯಾವ ಆಧಾರದ ಮೇಲೆ? ಜಪಾನಿನ ಸಿವಿಲ್ ಕೋಡ್ ಪ್ರಕಾರ, ತನ್ನ ಕೆಲಸದ ಪರಿಣಾಮ ತಿಳಿಯದಷ್ಟು ಚಿಕ್ಕ ಮಗು ಹಾನಿ ಮಾಡಿದ್ರೆ ಪೋಷಕರು ಹೊಣೆ. ಮಗು ಸ್ವಲ್ಪ ದೊಡ್ಡದಾಗಿದ್ದರೆ? ಅದಕ್ಕೆ 1974ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತ್ತು: ಪೋಷಕರು ನಿಗಾ ಇಡದೇ ಇದ್ದದ್ದಕ್ಕೂ ಆದ ಹಾನಿಗೂ ಸಂಬಂಧ ಇದೆ ಅಂತ ಸಾಬೀತಾದರೆ ಅವರೂ ಹೊಣೆ. ಅಂದ್ರೆ ನಿಜವಾದ ಪ್ರಶ್ನೆ ಇದು: ಅಪ್ಪ-ಅಮ್ಮನಿಗೆ ಏನು ಗೊತ್ತಿತ್ತು? ಗೊತ್ತಾದ ಮೇಲೆ ಏನು ಮಾಡಿದ್ರು?

ಈಗ 2011ಕ್ಕೆ ಬನ್ನಿ. ಬಿವಾ ಸರೋವರದ ದಡದ ಓತ್ಸು ನಗರ. ಅಕ್ಟೋಬರ್‌ನಲ್ಲಿ ಇನ್ನೊಬ್ಬ 13 ವರ್ಷದ ಹುಡುಗನ ಸಾವು. ಶಿಕ್ಷಣ ಮಂಡಳಿ ಕೆಲವೇ ವಾರಗಳಲ್ಲಿ ತನಿಖೆ ಮುಗಿಸಿಬಿಟ್ಟಿತು. 2012ರ ಜುಲೈನಲ್ಲಿ ವಿಷಯ ದೇಶವಿಡೀ ಹಬ್ಬಿ, ಪೊಲೀಸರು ಶಾಲೆಯನ್ನೂ ಮಂಡಳಿಯ ಕಚೇರಿಯನ್ನೂ ಶೋಧಿಸಿದ್ರು.

ಆಗ ಇಂಟರ್‌ನೆಟ್ ಜನ ತಾವೇ ಜಡ್ಜ್ ಆದರು. ಕಾಟ ಕೊಟ್ಟ ಹುಡುಗರ ಅಪ್ಪ-ಅಮ್ಮ, ಅಜ್ಜ ಯಾರು ಅಂತ ಹುಡುಕಿ ಹೆಸರು, ಫೋಟೊ ಹಾಕಿದ್ರು. ಅದರಲ್ಲಿ ಕೆಲವರಿಗೆ ಈ ಪ್ರಕರಣದ ಜೊತೆ ಸಂಬಂಧವೇ ಇರಲಿಲ್ಲ. 'ಆ ಹುಡುಗನ ಅಜ್ಜ' ಅಂತ ತಪ್ಪಾಗಿ ಹೇಳಲಾದ ಒಬ್ಬರು ಬೈಗುಳ, ಬೆದರಿಕೆ ಎದುರಿಸಬೇಕಾಯ್ತು. ಕಾಟದ ವಿರುದ್ಧ ಹೊರಟವರು ಮಾಡಿದ್ದೂ ಕಾಟವೇ ಅಲ್ವಾ? ಶೇರ್ ಬಟನ್ ಒತ್ತೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ.

2013ರ ಜೂನ್‌ನಲ್ಲಿ ಜಪಾನ್ ಸಂಸತ್ತು ಇಜಿಮೆ ತಡೆ ಕಾನೂನು ತಂತು. ಅದರ 9ನೇ ಕಲಮು ಪೋಷಕರ ಬಗ್ಗೆ: ಮಗುವನ್ನ ಬೆಳೆಸೋ ಮೊದಲ ಜವಾಬ್ದಾರಿ ನಿಮ್ಮದು, ಅದು ಇನ್ನೊಬ್ಬರಿಗೆ ಕಾಟ ಕೊಡದ ಹಾಗೆ ತಿದ್ದೋಕೆ ಪ್ರಯತ್ನಿಸಿ. ಆದರೆ ತಪ್ಪಿದ್ರೆ ದಂಡ ಅಂತ ಏನೂ ಇಲ್ಲ. ಜೊತೆಗೆ, ಇದನ್ನ ತೋರಿಸಿ ಶಾಲೆ ತನ್ನ ಹೊಣೆ ಕಡಿಮೆ ಮಾಡ್ಕೊಳ್ಳೋ ಹಾಗೂ ಇಲ್ಲ.

ಸತ್ತ ಹುಡುಗನ ಮನೆಯವರು ಸಹಪಾಠಿಗಳ ಮೇಲೂ ಅವರ ಪೋಷಕರ ಮೇಲೂ ಕೇಸ್ ಹಾಕಿದ್ರು. 2019ರಲ್ಲಿ ಓತ್ಸು ಜಿಲ್ಲಾ ಕೋರ್ಟ್ ಇಬ್ಬರು ಸಹಪಾಠಿಗಳು ಸುಮಾರು 3.75 ಕೋಟಿ ಯೆನ್ ಕೊಡಬೇಕು ಅಂತು. ಅವರ ಪೋಷಕರ ಮೇಲೆ ಮಾತ್ರ ಹೊಣೆ ಹೊರಿಸಲಿಲ್ಲ. 2020ರಲ್ಲಿ ಒಸಾಕಾ ಹೈಕೋರ್ಟ್ ಆ ಮೊತ್ತವನ್ನ ಸುಮಾರು 40 ಲಕ್ಷ ಯೆನ್‌ಗೆ ಇಳಿಸಿತು. ಒಂದು ಕಾರಣ ಕೇಳಿದ್ರೆ ಸಂಕಟ ಆಗುತ್ತೆ: ಸತ್ತ ಹುಡುಗನ ಮನೆಯವರೇ ಅವನಿಗೆ ಸಾಕಷ್ಟು ಆಸರೆಯಾಗಲಿಲ್ಲ ಅಂತ ಕೋರ್ಟ್ ಹೇಳಿತು. ಕಾಟ ಕೊಟ್ಟವರ ಅಪ್ಪ-ಅಮ್ಮ ಲೆಕ್ಕದಿಂದ ಆಚೆ ಉಳಿದರು, ಮಗನನ್ನ ಕಳಕೊಂಡವರ ಲೆಕ್ಕದಲ್ಲಿ ಕಡಿತ ಆಯ್ತು. 2021ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಇದೇ ಉಳೀತು.

ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿ ಕೀ ಕೊಟ್ಟಿದ್ದು ಕಣ್ಣಿಗೆ ಕಾಣುತ್ತೆ. ಊಟದ ಹೊತ್ತಲ್ಲಿ ಪಕ್ಕದ ಮನೆ ಹುಡುಗನ ಬಣ್ಣ, ಜಾತಿ, ತೊದಲು ಇಟ್ಕೊಂಡು ನಕ್ಕಿದ್ದು, ಅದನ್ನ ಮಗ ಕೇಳಿಸಿಕೊಂಡಿದ್ದು ಯಾವ ಕೋರ್ಟಿಗೂ ಕಾಣಲ್ಲ.

ಅದಕ್ಕೇ ಕಾನೂನು ಇಲ್ಲಿ ಎಡವುತ್ತೆ ಅನ್ಸುತ್ತೆ. ನಿಮಗೆ ಮಕ್ಕಳಿದ್ದರೆ, ಅಥವಾ ತಮ್ಮ, ತಂಗಿ ಇದ್ದರೆ, ಆ ಫೋನ್ ಬಂದ ದಿನ "ಅಂಥವನಲ್ಲ" ಅನ್ನೋ ಮುಂಚೆ "ಏನಾಯ್ತು, ಆ ಹುಡುಗ ಹೇಗಿದ್ದಾನೆ?" ಅಂತ ಕೇಳಿ. ಎರಡೂ ಮಕ್ಕಳಿಗೆ ಅಷ್ಟು ಮಾಡಬಹುದು.

ಇಂಥ ಕಾಟ ಯಾರಾದ್ರೂ ಅನುಭವಿಸ್ತಿದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರ ಸಿಗೋಣ.