ಬೂದಿ ಬಿದ್ದ ದ್ವೀಪಗಳ ಅರ್ಜಿ

1954ರ ಮಾರ್ಚ್ 1ರ ಮುಂಜಾವು. ಮಾರ್ಷಲ್ ದ್ವೀಪಗಳ ಲಿಕಿಯೆಪ್‌ನಲ್ಲಿ ಒಂಬತ್ತು ವರ್ಷದ ಟೋನಿ ಡಿಬ್ರಮ್ ಅಜ್ಜನ ಜೊತೆ ಮೀನು ಹಿಡಿಯಲು ಹೋಗಿದ್ದ. ಕಣ್ಣು ಕುಕ್ಕುವ ಬೆಳಕೊಂದು ಬಂದು ಹೋಯಿತು. ನೋಡನೋಡುತ್ತಿದ್ದಂತೆ ಆಕಾಶ, ಕಡಲು, ಅಜ್ಜನ ಬಲೆ, ಬಲೆಯ ಮೀನು ಎಲ್ಲವೂ ಕೆಂಪಾದವು. ದೂರದ ಬಿಕಿನಿಯಲ್ಲಿ ಅಮೆರಿಕ ‘ಬ್ರಾವೊ’ ಬಾಂಬನ್ನು ಸಿಡಿಸಿತ್ತು. ಅದರ ಬಲ 15 ಮೆಗಾಟನ್, ಹಿರೋಷಿಮಾ ಬಾಂಬಿನ ಸುಮಾರು ಸಾವಿರ ಪಟ್ಟು. ರೊಂಗೆಲಾಪ್ ದ್ವೀಪದಲ್ಲಿ ಗಂಟೆಗಟ್ಟಲೆ ಬಿಳಿ ಬೂದಿ ಉದುರಿತು. ಅದೇನೆಂದು ತಿಳಿಯದ ಮಕ್ಕಳು ಅದರಲ್ಲೇ ಆಡಿದರು. ಆಮೇಲೆ ವಾಂತಿ, ಮೈಯುರಿ. ಕೆಲವೇ ದಿನಗಳಲ್ಲಿ ಕೂದಲು ಕೈಗೆ ಬರತೊಡಗಿತು.

ಅದಕ್ಕೂ ಎಂಟು ವರ್ಷ ಹಿಂದೆ ಬಾಂಬ್ ಪರೀಕ್ಷೆಗೆಂದು ಬಿಕಿನಿಯ 167 ಜನರನ್ನು ಮನುಕುಲದ ಒಳಿತಿನ ಹೆಸರು ಹೇಳಿ ಎಬ್ಬಿಸಿದಾಗ ಅವರು ಎದುರಾಡಿರಲಿಲ್ಲ. ಕಳಿಸಿದ ರೊಂಗೆರಿಕ್‌ನಲ್ಲಿ ತಿನ್ನಲು ಸಾಲದೆ ಹಸಿವಿನಿಂದ ಸೊರಗಿದರು. ಬ್ರಾವೊ ಆ ಮೌನವನ್ನು ಮುರಿಯಿತು. ಆ ದ್ವೀಪಗಳು ವಿಶ್ವಸಂಸ್ಥೆಯ ಪರವಾಗಿ ಅಮೆರಿಕ ನೋಡಿಕೊಳ್ಳಬೇಕಾದ ನೆಲ. ಹಿಡಿಯಲು ಸಿಕ್ಕಿದ್ದು ಇದೊಂದೇ ಎಳೆ. 1954ರ ಏಪ್ರಿಲ್‌ನಲ್ಲಿ ಮಾರ್ಷಲ್ ಜನ ವಿಶ್ವಸಂಸ್ಥೆಗೆ ಅರ್ಜಿ ಬರೆದರು: ಪರೀಕ್ಷೆ ಕೂಡಲೇ ನಿಲ್ಲಲಿ, ನಿಲ್ಲಿಸಲಾಗದಿದ್ದರೆ ನಮ್ಮನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿ. ನೆಲವೆಂದರೆ ತಮಗೆ ಬೆಳೆ ಬೆಳೆಯುವ, ಮನೆ ಕಟ್ಟುವ ಜಾಗವಷ್ಟೇ ಅಲ್ಲ, ಬದುಕೇ ಅದು ಎಂದೂ ಬರೆದರು. ಈ ಹೋರಾಟದ ಮೂಲಪತ್ರ ಇದೇ ಎಂದು ನಾನು ಎಣಿಸುತ್ತೇನೆ.

ಜಗತ್ತು ಕಿವಿಗೊಟ್ಟದ್ದು ಹೆಚ್ಚಾಗಿ ಬೇರೊಂದು ಸುದ್ದಿಗೆ. ಅದೇ ಬೂದಿ ಬಿದ್ದ ಜಪಾನಿ ದೋಣಿಯೊಂದರ ರೇಡಿಯೊ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಜಪಾನಿನಲ್ಲಿ ಬಾಂಬ್ ವಿರೋಧಿ ಸಹಿಗಳು ಕೋಟಿಗಟ್ಟಲೆ ಸೇರಿದವು. ಏಪ್ರಿಲ್ 2ರಂದೇ ನೆಹರೂ ಲೋಕಸಭೆಯಲ್ಲಿ, ಪರೀಕ್ಷೆಗಳನ್ನಾದರೂ ಸದ್ಯಕ್ಕೆ ನಿಲ್ಲಿಸುವ ಒಪ್ಪಂದವಾಗಲಿ ಎಂದಿದ್ದರು. ಆದರೂ ಪರೀಕ್ಷೆ ನಿಲ್ಲಲಿಲ್ಲ, 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ಒಟ್ಟು 67 ಬಾಂಬ್‌ಗಳು ಸಿಡಿದವು. 1963ರ ಪರೀಕ್ಷಾ ನಿಷೇಧ ಒಪ್ಪಂದ ನೆಲದಡಿಯ ಪರೀಕ್ಷೆಗಳನ್ನು ತಡೆಯಲಿಲ್ಲ. ಫ್ರಾನ್ಸ್ ಅದಕ್ಕೆ ಸಹಿಯನ್ನೇ ಹಾಕಲಿಲ್ಲ.

ಆ ಫ್ರಾನ್ಸ್ 1966ರಲ್ಲಿ ಮೊರುರೊವಾ ಹವಳದ್ವೀಪಕ್ಕೆ ಬಂದಾಗ ವಿರೋಧದ ಸ್ವರೂಪವೇ ಬದಲಾಯಿತು. ಫ್ರಾನ್ಸ್ ಆಳುತ್ತಿದ್ದ ಟಹೀಟಿಯ ಜನನಾಯಕ ಪೌವಾನಾ ಆ ಓಪಾ ಅವರನ್ನು 1958ರಲ್ಲೇ ಬಂಧಿಸಿ, ಆಮೇಲೆ ಗಡೀಪಾರು ಮಾಡಲಾಗಿತ್ತು. (ಫ್ರಾನ್ಸಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿದ್ದು 2018ರಲ್ಲಿ, ಅವರು ತೀರಿಕೊಂಡು ನಾಲ್ಕು ದಶಕವಾದ ಮೇಲೆ.) 1973ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ನ್ಯೂಜಿಲೆಂಡ್ ಪ್ರಧಾನಿ ನಾರ್ಮನ್ ಕರ್ಕ್ ಸಚಿವರೊಬ್ಬರನ್ನು ಯುದ್ಧನೌಕೆಯಲ್ಲಿ ಪರೀಕ್ಷಾ ವಲಯದ ಅಂಚಿಗೇ ಕಳಿಸಿದರು. 1974ರ ನಂತರ ಫ್ರಾನ್ಸ್ ಬಾಂಬನ್ನು ನೆಲದಡಿಗೆ ಇಳಿಸಿತು, ಕೈಬಿಡಲಿಲ್ಲ. ಸರ್ಕಾರಗಳು ಇಷ್ಟಕ್ಕೆ ತೃಪ್ತಿಪಟ್ಟರೂ ದ್ವೀಪದವರು ಪಡಲಿಲ್ಲ. 1975ರಲ್ಲಿ ಫಿಜಿಯ ಸುವಾದಲ್ಲಿ ಸೇರಿದವರು ಬಾಂಬನ್ನೂ ಪರರ ಆಳ್ವಿಕೆಯನ್ನೂ ಒಟ್ಟಿಗೆ ನೋಡಿದರು: ನೆಲ ನಮ್ಮದಾಗದೆ ಪರೀಕ್ಷೆ ನಿಲ್ಲದು. ಅರ್ಜಿ ಹಕ್ಕೊತ್ತಾಯವಾದದ್ದು ಇಲ್ಲಿ. 1979ರಲ್ಲಿ ಪುಟ್ಟ ಪಲಾವು ದ್ವೀಪಸಮೂಹ ಅಣ್ವಸ್ತ್ರ ನಿಷೇಧವನ್ನು ಸಂವಿಧಾನದಲ್ಲೇ ಬರೆದುಕೊಂಡಿತು.

ಇತ್ತ ಬ್ರಾವೊ ನಂತರ ಬೇರೆಡೆ ಸಾಗಿಸಲ್ಪಟ್ಟು 1957ರಲ್ಲಿ ಮನೆಗೆ ಮರಳಿದ್ದ ರೊಂಗೆಲಾಪ್ ಜನ ಕಾಯಿಲೆಗಳಿಂದ ಬೇಸತ್ತು 1985ರ ಮೇನಲ್ಲಿ ಊರನ್ನೇ ಬಿಟ್ಟರು. ಅವರನ್ನು ಸಾಗಿಸಿದ್ದು ಗ್ರೀನ್‌ಪೀಸ್‌ನ ‘ರೇನ್‌ಬೋ ವಾರಿಯರ್’ ಹಡಗು. ಜುಲೈ 10ರಂದು ಅದೇ ಹಡಗನ್ನು ಫ್ರೆಂಚ್ ಗೂಢಚಾರರು ಆಕ್ಲೆಂಡ್ ಬಂದರಿನಲ್ಲಿ ಸ್ಫೋಟಿಸಿ ಮುಳುಗಿಸಿದರು. ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ಸತ್ತರು. ಆಗಸ್ಟ್ 6, ಹಿರೋಷಿಮಾ ದಿನ, ದಕ್ಷಿಣ ಪೆಸಿಫಿಕ್ಕನ್ನು ಅಣ್ವಸ್ತ್ರಮುಕ್ತವಾಗಿಸುವ ರಾರೊಟೊಂಗಾ ಒಪ್ಪಂದಕ್ಕೆ ಸಹಿ ಬಿತ್ತು. 1995ರಲ್ಲಿ ಫ್ರಾನ್ಸಿನ ಅಧ್ಯಕ್ಷ ಷಿರಾಕ್, ನಡುವೆ ನಿಂತಿದ್ದ ಪರೀಕ್ಷೆಗಳನ್ನು ಮತ್ತೆ ಶುರುಮಾಡಿದಾಗ ಟಹೀಟಿಯ ವಿಮಾನ ನಿಲ್ದಾಣಕ್ಕೆ ಬೆಂಕಿ ಬಿತ್ತು. 1996ರ ಜನವರಿಯಲ್ಲಿ ಕೊನೆಯದು ಸಿಡಿದಾಗ ಪೆಸಿಫಿಕ್‌ನಲ್ಲಿ ಫ್ರಾನ್ಸಿನ ಪರೀಕ್ಷೆಗಳ ಲೆಕ್ಕ 193.

ಬಲೆಯ ಪಕ್ಕ ನಿಂತಿದ್ದ ಆ ಹುಡುಗ ಮುಂದೆ ವಿದೇಶಾಂಗ ಸಚಿವನಾದ. ಡಿಬ್ರಮ್ ಅವರ ಮುಂದಾಳತ್ವದಲ್ಲಿ 2014ರಲ್ಲಿ ಮಾರ್ಷಲ್ ದ್ವೀಪಗಳು, ನಿಶ್ಶಸ್ತ್ರೀಕರಣದ ಹೊಣೆ ಮರೆತಿದ್ದೀರಿ ಎಂದು ಒಂಬತ್ತು ಅಣ್ವಸ್ತ್ರ ದೇಶಗಳ ವಿರುದ್ಧ ಹೇಗ್‌ನಲ್ಲಿ ದಾವೆ ಹೂಡಿದವು. ನ್ಯಾಯಾಲಯದ ಅಧಿಕಾರ ವ್ಯಾಪ್ತಿ ಒಪ್ಪಿದ್ದ ಕಾರಣ ಮೂರು ದೇಶಗಳು ಮಾತ್ರ ವಿಚಾರಣೆಗೆ ಬಂದವು: ಬ್ರಿಟನ್, ಪಾಕಿಸ್ತಾನ ಮತ್ತು ಭಾರತ. 1954ರಲ್ಲಿ ನಿಲ್ಲಿಸಿ ಎಂದ ದೇಶ ಈಗ ಪ್ರತಿವಾದಿಗಳ ಸಾಲಿನಲ್ಲಿತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. 2016ರ ಅಕ್ಟೋಬರ್‌ನಲ್ಲಿ, ಇಲ್ಲಿ ವ್ಯಾಜ್ಯವೇ ಹುಟ್ಟಿಲ್ಲ ಎಂದು ದಾವೆಗಳು ವಜಾ ಆದವು. ಬ್ರಿಟನ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳು 8–8 ಒಡೆದು ಅಧ್ಯಕ್ಷರ ಮತ ತೀರ್ಮಾನಿಸಿತು. ಭಾರತದ ವಿರುದ್ಧದ್ದು ಬಿದ್ದದ್ದು 9–7ರಲ್ಲಿ.