ಚರ್ಚ್‌ಗಳಲ್ಲಿ ಮಕ್ಕಳ ರಕ್ಷಣೆ: ದೂರು ಮೊದಲು ಹೋಗಬೇಕಾದುದು ಎಲ್ಲಿಗೆ?

ಚರ್ಚ್ ಎಂದರೆ ಭಾನುವಾರದ ಪ್ರಾರ್ಥನೆ ಮಾತ್ರವಲ್ಲ. ಧರ್ಮೋಪದೇಶದ ತರಗತಿ, ಗಾಯನವೃಂದ, ಬಲಿಪೂಜೆಯ ವೇಳೆ ಗುರುಗಳಿಗೆ ನೆರವಾಗುವ ಮಕ್ಕಳ ತಂಡ, ಬೇಸಿಗೆ ಶಿಬಿರ, ಶಾಲೆ, ಹಾಸ್ಟೆಲ್, ಅನಾಥಾಲಯ ಹೀಗೆ ಮಕ್ಕಳ ಬದುಕಿನ ಬಹುಭಾಗ ಅದರ ಆವರಣದಲ್ಲಿಯೇ ಕಳೆಯುವುದುಂಟು. ಪೋಷಕರು ಅಲ್ಲಿ ಮಕ್ಕಳನ್ನು ನಿಶ್ಚಿಂತೆಯಿಂದ ಬಿಟ್ಟುಬರುತ್ತಾರೆ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು ಇದ್ದರೆಂಬುದು ಕಳೆದ ಕೆಲವು ದಶಕಗಳಲ್ಲಿ ಹಲವು ದೇಶಗಳ ತನಿಖೆಗಳಿಂದ ಸಾಬೀತಾಗಿದೆ.

ಈ ತನಿಖೆಗಳು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಪಂಗಡಗಳ ಬಗ್ಗೆ ನಡೆದಿದ್ದರೂ ತಲುಪಿದ ತೀರ್ಮಾನ ಬಹುಮಟ್ಟಿಗೆ ಒಂದೇ. ಅಪರಾಧ ಎಸಗಿದವರಷ್ಟೇ ಹಾನಿಯನ್ನು, ದೂರನ್ನು ಸಂಸ್ಥೆಯ ಒಳಗೇ ಇತ್ಯರ್ಥಪಡಿಸಲು ಹೊರಟವರೂ ಮಾಡಿದ್ದಾರೆ. ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಇಂದಿನ ಕಾನೂನುಗಳೆಲ್ಲ ಈ ಪಾಠದ ಮೇಲೆಯೇ ನಿಂತಿವೆ.

ಬಾಸ್ಟನ್ ಕಡತಗಳು

ಅಮೆರಿಕದ 'ಬಾಸ್ಟನ್ ಗ್ಲೋಬ್' ಪತ್ರಿಕೆಯ ತನಿಖಾ ತಂಡ 2002ರ ಜನವರಿ 6ರಂದು ಪ್ರಕಟಿಸಿದ ವರದಿ ಈ ವಿಷಯದಲ್ಲಿ ಒಂದು ತಿರುವು. ಜಾನ್ ಗೇಗನ್ ಎಂಬ ಪಾದ್ರಿ ಮೂರು ದಶಕಗಳ ಅವಧಿಯಲ್ಲಿ ಆರು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ್ದ. ಆತನಿಂದ ದೌರ್ಜನ್ಯಕ್ಕೆ ಒಳಗಾದುದಾಗಿ 130ಕ್ಕೂ ಹೆಚ್ಚು ಮಂದಿ ಮುಂದೆ ಬಂದಿದ್ದರು.

ಓದುಗರನ್ನು ಬೆಚ್ಚಿಬೀಳಿಸಿದ್ದು ಈ ಸಂಖ್ಯೆಗಿಂತ ಹೆಚ್ಚಾಗಿ ಕಡತಗಳಲ್ಲಿದ್ದ ಪತ್ರಗಳು. ಒಂದೇ ಕುಟುಂಬದ ಏಳು ಬಾಲಕರ ಮೇಲೆ ನಡೆದ ಕೃತ್ಯದ ಬಗ್ಗೆ ಅವರ ಸಂಬಂಧಿ ಮಹಿಳೆಯೊಬ್ಬರು 1982ರಲ್ಲಿಯೇ ಅಂದಿನ ಕಾರ್ಡಿನಲ್‌ಗೆ ಪತ್ರ ಬರೆದಿದ್ದರು. 1984ರಲ್ಲಿ ಹೊಸದಾಗಿ ಬಂದ ಆರ್ಚ್‌ಬಿಷಪ್ ಬರ್ನಾರ್ಡ್ ಲಾ ಅವರಿಗೂ ಆಕೆ ವಿಷಯ ತಿಳಿಸಿದರು. ಗೇಗನ್‌ನನ್ನು ಆ ಧರ್ಮಕೇಂದ್ರದಿಂದ ತೆಗೆಯಲಾಯಿತಾದರೂ ಅದೇ ವರ್ಷ ವೆಸ್ಟನ್ ಪಟ್ಟಣದ ಮತ್ತೊಂದು ಧರ್ಮಕೇಂದ್ರಕ್ಕೆ ನಿಯೋಜಿಸಲಾಯಿತು. ಸಹಾಯಕ ಬಿಷಪ್ ಜಾನ್ ಡಾರ್ಸಿ ಇದನ್ನು ಆಕ್ಷೇಪಿಸಿ ಪತ್ರ ಬರೆದರೂ ನಿಯೋಜನೆ ರದ್ದಾಗಲಿಲ್ಲ. ಅಲ್ಲಿನ ಪೋಷಕರಿಗೆ ಯಾರೂ ಏನೂ ಹೇಳಲಿಲ್ಲ.

ಗೇಗನ್‌ಗೆ 2002ರಲ್ಲಿ ಜೈಲು ಶಿಕ್ಷೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಲಾ ಆರ್ಚ್‌ಬಿಷಪ್ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಅಮೆರಿಕದ ಬಿಷಪ್‌ಗಳು ನೇಮಿಸಿದ ಜಾನ್ ಜೇ ಕಾಲೇಜಿನ ಅಧ್ಯಯನ ವರದಿ 2004ರಲ್ಲಿ ಹೊರಬಂದಿತು. 1950ರಿಂದ 2002ರ ನಡುವೆ ಆ ದೇಶದ 4,392 ಪಾದ್ರಿಗಳ ವಿರುದ್ಧ ಆರೋಪಗಳಿದ್ದವು, ದೂರು ನೀಡಿದವರ ಸಂಖ್ಯೆ 10,667 ಎಂಬುದು ಅದರಿಂದ ತಿಳಿದುಬಂದಿತು.

ಒಂದು ದೇಶ, ಒಂದು ಪಂಗಡಕ್ಕೆ ಸೀಮಿತವಲ್ಲ

ಐರ್ಲೆಂಡ್‌ನಲ್ಲಿ 2009ರಲ್ಲಿ ಎರಡು ಮಹತ್ವದ ವರದಿಗಳು ಪ್ರಕಟವಾದವು. ಧಾರ್ಮಿಕ ಸಂಘಗಳು ನಡೆಸುತ್ತಿದ್ದ ವಸತಿ ಸಂಸ್ಥೆಗಳಲ್ಲಿ ಮಕ್ಕಳು ಅನುಭವಿಸಿದ ಹಿಂಸೆಯನ್ನು ರಯಾನ್ ವರದಿ ದಾಖಲಿಸಿತು. ಡಬ್ಲಿನ್ ಧರ್ಮಪ್ರಾಂತ್ಯವನ್ನು ಕುರಿತ ಮರ್ಫಿ ವರದಿ, ಗೋಪ್ಯತೆ ಕಾಯುವುದು, ಅಪವಾದ ತಪ್ಪಿಸುವುದು, ಆಸ್ತಿ ಉಳಿಸಿಕೊಳ್ಳುವುದು ಇವೇ ಆಡಳಿತದ ಆದ್ಯತೆಗಳಾಗಿದ್ದವು, ಮಕ್ಕಳ ಹಿತ ಅವುಗಳ ನಂತರದ ಸ್ಥಾನಕ್ಕೆ ಸರಿದಿತ್ತು ಎಂದು ಹೇಳಿತು. ಸರ್ಕಾರಿ ಯಂತ್ರವೂ ಕಣ್ಣು ಮುಚ್ಚಿ ಕುಳಿತಿದ್ದನ್ನು ವರದಿ ಬಿಡಲಿಲ್ಲ.

ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ತನಿಖೆ ನಡೆಸಿ 17 ಸಂಪುಟಗಳ ವರದಿ ನೀಡಿತು. ಅದು ಚರ್ಚ್‌ಗಳ ಜೊತೆಗೆ ಶಾಲೆ, ಕ್ರೀಡಾ ಕ್ಲಬ್, ಸರ್ಕಾರಿ ಆಶ್ರಯತಾಣಗಳನ್ನೂ ಪರಿಶೀಲಿಸಿತು. ಖಾಸಗಿ ಭೇಟಿಗಳಲ್ಲಿಯೇ 8 ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ನೋವನ್ನು ತೋಡಿಕೊಂಡರು. ಅವರು ಅದನ್ನು ಮೊದಲ ಬಾರಿಗೆ ಇನ್ನೊಬ್ಬರಿಗೆ ಹೇಳಿಕೊಳ್ಳಲು ತೆಗೆದುಕೊಂಡ ಕಾಲ ಸರಾಸರಿ 23.9 ವರ್ಷ. ಹತ್ತನೇ ವಯಸ್ಸಿನಲ್ಲಿ ನೊಂದ ಮಗು ಬಾಯಿ ಬಿಡುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಅಷ್ಟು ವರ್ಷ ಅಪರಾಧಿ ಬೇರೆ ಮಕ್ಕಳ ನಡುವೆ ನಿರಾತಂಕವಾಗಿ ಇರಬಲ್ಲ ಎಂಬುದು ಇದರ ಇನ್ನೊಂದು ಮುಖ.

ಫ್ರಾನ್ಸ್‌ನಲ್ಲಿ ಸ್ವತಂತ್ರ ಆಯೋಗವೊಂದು 2021ರಲ್ಲಿ ನೀಡಿದ ವರದಿಯ ಅಂದಾಜಿನ ಪ್ರಕಾರ, 1950ರಿಂದೀಚೆಗೆ ಕ್ಯಾಥೊಲಿಕ್ ಗುರುಗಳು ಹಾಗೂ ಧಾರ್ಮಿಕ ಸಂಘಗಳ ಸದಸ್ಯರಿಂದ ದೌರ್ಜನ್ಯಕ್ಕೊಳಗಾದ ಅಪ್ರಾಪ್ತರು ಸುಮಾರು 2.16 ಲಕ್ಷ.

ಬ್ರಹ್ಮಚರ್ಯದ ನಿಯಮವೇ ಇದಕ್ಕೆಲ್ಲ ಮೂಲ ಎಂಬ ವಾದವೂ ಇದೆ. ಆದರೆ ಪಾದ್ರಿಗಳು ವಿವಾಹವಾಗುವ ಪಂಗಡಗಳ ಅನುಭವ ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಕಚೇರಿಯಲ್ಲಿ ಆರೋಪಿತರ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೂ ಅದನ್ನು ಮಕ್ಕಳ ರಕ್ಷಣೆಗೆ ಬಳಸಿರಲಿಲ್ಲ ಎಂದು 2022ರ ತನಿಖಾ ವರದಿ ಬಯಲು ಮಾಡಿತು. ಇಂಗ್ಲೆಂಡ್‌ನಲ್ಲಿ ಕ್ರೈಸ್ತ ಬೇಸಿಗೆ ಶಿಬಿರಗಳ ಮುಖಂಡನಾಗಿದ್ದ ವಕೀಲ ಜಾನ್ ಸ್ಮಿತ್ ಬಾಲಕರನ್ನು ಹಿಂಸಿಸುತ್ತಿದ್ದುದು 1982ರಲ್ಲಿಯೇ ಕೆಲವರಿಗೆ ಗೊತ್ತಿತ್ತು. ಆದರೂ ಪೊಲೀಸರಿಗೆ ದೂರು ಹೋಗಲಿಲ್ಲ. ಆತ ಆಫ್ರಿಕಾಕ್ಕೆ ತೆರಳಿ ಅಲ್ಲಿಯೂ ಶಿಬಿರಗಳನ್ನು ನಡೆಸಿದ, 2018ರಲ್ಲಿ ವಿಚಾರಣೆ ಎದುರಿಸದೆಯೇ ಸತ್ತ. ಈ ಕುರಿತ ವರದಿ 2024ರ ನವೆಂಬರ್‌ನಲ್ಲಿ ಪ್ರಕಟವಾದಾಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು.

ಮೌನ ಹುಟ್ಟುವ ಬಗೆ

ಅಪರಾಧಿ ಅಪರಿಚಿತನಾಗಿರುವುದು ಅಪರೂಪ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗುವಿನ ನಂಬಿಕೆ, ಹೊಣೆಗಾರಿಕೆಯ ಸ್ಥಾನದಲ್ಲಿದ್ದವರು ಎಂದು ಕಂಡುಬಂದಿತ್ತು.

ಇಂತಹವರು ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾರೆ. ಮಗುವಿಗೆ ಉಡುಗೊರೆ, ವಿಶೇಷ ಜವಾಬ್ದಾರಿ, ಹೊಗಳಿಕೆ ದೊರೆಯತೊಡಗುತ್ತದೆ. ಬಳಿಕ ಮಗುವಿನೊಡನೆ ಒಂಟಿಯಾಗಿರುವ ಸಂದರ್ಭಗಳು ಹೆಚ್ಚುತ್ತವೆ. 'ಇದು ನಮ್ಮಿಬ್ಬರ ಗುಟ್ಟು' ಎಂಬ ಮಾತು ಬರುತ್ತದೆ. ಧಾರ್ಮಿಕ ಆವರಣದಲ್ಲಿ ಇದಕ್ಕೆ ಇನ್ನೊಂದು ಆಯಾಮ ಸೇರುತ್ತದೆ. ದೇವರ ಪ್ರತಿನಿಧಿ ಎಂದು ಮನೆಯವರೆಲ್ಲ ಕೈಮುಗಿಯುವ ವ್ಯಕ್ತಿಯ ವಿರುದ್ಧ ತನ್ನ ಮಾತನ್ನು ಯಾರು ನಂಬುತ್ತಾರೆ ಎಂಬ ಭಯ ಮಗುವನ್ನು ಕಟ್ಟಿಹಾಕುತ್ತದೆ. ತಪ್ಪು ತನ್ನದೇ ಎಂದು ಭಾವಿಸುವ ಮಕ್ಕಳೂ ಇದ್ದಾರೆ.

ವಿಷಯ ತಿಳಿದ ದೊಡ್ಡವರು ಸಹ ಸಮುದಾಯದ ಮರ್ಯಾದೆ, ಮಗುವಿನ ಭವಿಷ್ಯ, ಶಾಲೆಯ ಹೆಸರು ಎಂದೆಲ್ಲ ಯೋಚಿಸಿ ಹಿಂದೆ ಸರಿಯುತ್ತಾರೆ. ಅಲ್ಪಸಂಖ್ಯಾತ ಸಮುದಾಯಗಳಲ್ಲಿ 'ವಿರೋಧಿಗಳ ಕೈಗೆ ಅಸ್ತ್ರ ಕೊಟ್ಟಂತಾಗುತ್ತದೆ' ಎಂಬ ಅಳುಕೂ ಸೇರಿಕೊಳ್ಳುತ್ತದೆ. ಆದರೆ ಮುಚ್ಚಿಟ್ಟ ಪ್ರಕರಣವೇ ಮುಂದೆ ಸಂಸ್ಥೆಗೆ ಹೆಚ್ಚಿನ ಕಳಂಕ ತಂದುದಕ್ಕೆ ಬಾಸ್ಟನ್, ಡಬ್ಲಿನ್‌ಗಳೇ ಸಾಕ್ಷಿ.

ವ್ಯಾಟಿಕನ್ ಕೈಗೊಂಡ ಕ್ರಮಗಳು

ಪೋಪ್ ಫ್ರಾನ್ಸಿಸ್ 2014ರಲ್ಲಿ ಅಪ್ರಾಪ್ತರ ರಕ್ಷಣೆಗಾಗಿ ಪ್ರತ್ಯೇಕ ಆಯೋಗ ರಚಿಸಿದರು. 2019ರ ಫೆಬ್ರವರಿಯಲ್ಲಿ ವಿವಿಧ ದೇಶಗಳ ಬಿಷಪ್ ಮಂಡಳಿಗಳ ಅಧ್ಯಕ್ಷರನ್ನು ರೋಮ್‌ಗೆ ಕರೆಸಿ ಸಭೆ ನಡೆಸಿದರು. ಅದೇ ವರ್ಷದ ಜೂನ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ದೌರ್ಜನ್ಯದ ಮಾಹಿತಿ ತಿಳಿದ ಗುರುಗಳು ಮತ್ತು ಸನ್ಯಾಸಿನಿಯರು ಅದನ್ನು ಮೇಲಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಹಾಕಿದ ಬಿಷಪ್‌ಗಳ ವಿರುದ್ಧವೂ ತನಿಖೆಗೆ ಅವಕಾಶವಾಯಿತು. ಪ್ರತಿ ಧರ್ಮಪ್ರಾಂತ್ಯ ದೂರು ಸ್ವೀಕರಿಸುವ ವ್ಯವಸ್ಥೆ ಹೊಂದಿರಬೇಕೆಂದು ಸೂಚಿಸಲಾಯಿತು. 2019ರ ಡಿಸೆಂಬರ್‌ನಲ್ಲಿ ಇಂತಹ ಪ್ರಕರಣಗಳಿಗೆ ಅನ್ವಯಿಸುತ್ತಿದ್ದ 'ಪೋಪ್ ಗೋಪ್ಯತೆ'ಯನ್ನು ತೆಗೆದುಹಾಕಲಾಯಿತು. 2019ರ ನಿಯಮವನ್ನು 2023ರಲ್ಲಿ ಪರಿಷ್ಕರಿಸಿ ಕಾಯಂಗೊಳಿಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ನಿಯಮ ಕಡ್ಡಾಯಗೊಳಿಸಿರುವುದು ಚರ್ಚ್‌ನ ಒಳಗಿನ ವರದಿಯನ್ನು. ಪೊಲೀಸರಿಗೆ ತಿಳಿಸುವ ವಿಷಯದಲ್ಲಿ ಆಯಾ ದೇಶದ ಕಾನೂನನ್ನು ಪಾಲಿಸಬೇಕು ಎನ್ನುತ್ತದೆ. ಹಾಗಾಗಿ ಆಯಾ ದೇಶದ ಕಾನೂನು ಏನು ಹೇಳುತ್ತದೆ ಎಂಬುದೇ ನಿರ್ಣಾಯಕ.

ಭಾರತದಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ

ಈ ವಿಷಯದಲ್ಲಿ ಭಾರತದ ಕಾನೂನು ಸ್ಪಷ್ಟವಾಗಿದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯಿಸುತ್ತದೆ. ಕಾಯ್ದೆಯ ಮುಖ್ಯಾಂಶಗಳು ಇಂತಿವೆ:

* ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಸ್ಥಳೀಯ ಪೊಲೀಸರಿಗೆ ಇಲ್ಲವೇ ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು (ಸೆಕ್ಷನ್ 19). ಪಾಪನಿವೇದನೆಯಲ್ಲಿ ಕೇಳಿದ ಮಾತಿಗೆ ಈ ಸೆಕ್ಷನ್‌ನಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ.

* ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಅಧೀನದವರು ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥ ವರದಿ ಮಾಡದಿದ್ದರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ (ಸೆಕ್ಷನ್ 21).

* ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯ ಆಡಳಿತ ಇಲ್ಲವೇ ಸಿಬ್ಬಂದಿ ವರ್ಗದವರು ಆ ಸಂಸ್ಥೆಯ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಅದು ಹೆಚ್ಚು ಗಂಭೀರ ಸ್ವರೂಪದ ಅಪರಾಧ (ಸೆಕ್ಷನ್ 5). 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಶಿಕ್ಷೆ 20 ವರ್ಷ.

* ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ ಪಡೆಯಬೇಕು. ಆಗ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ (ಸೆಕ್ಷನ್ 24).

* ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಶಾಲೆ, ಕುಟುಂಬದ ವಿವರಗಳನ್ನು ಮಾಧ್ಯಮಗಳು ಬಹಿರಂಗಪಡಿಸುವುದು ಅಪರಾಧ (ಸೆಕ್ಷನ್ 23).

ವರದಿ ಮಾಡದಿರುವುದನ್ನು ಸುಪ್ರೀಂ ಕೋರ್ಟ್ ಹಗುರವಾಗಿ ಕಂಡಿಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ವಿದ್ಯಾರ್ಥಿನಿಯರ ಹಾಸ್ಟೆಲ್ ಒಂದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ವಿಷಯ ತಿಳಿದೂ ಮುಚ್ಚಿಡುವುದು ಗಂಭೀರ ಅಪರಾಧ, ಅದು ತಪ್ಪಿತಸ್ಥರನ್ನು ರಕ್ಷಿಸುವ ಯತ್ನ ಎಂದು 2022ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು.

ನೆರೆಯ ಕೇರಳದ ಪ್ರಕರಣವೊಂದರಲ್ಲಿ ಕಣ್ಣೂರು ಜಿಲ್ಲೆಯ ಕ್ಯಾಥೊಲಿಕ್ ಪಾದ್ರಿಯೊಬ್ಬರಿಗೆ ತಲಶ್ಶೇರಿಯ ಪೋಕ್ಸೊ ನ್ಯಾಯಾಲಯ 2019ರಲ್ಲಿ 20 ವರ್ಷಗಳ ಸಜೆ ವಿಧಿಸಿತು. ಹೈಕೋರ್ಟ್ 2021ರಲ್ಲಿ ಅದನ್ನು 10 ವರ್ಷಕ್ಕೆ ಇಳಿಸಿತು. ಸಂತ್ರಸ್ತೆಯನ್ನು ವಿವಾಹವಾಗಲು ಜಾಮೀನು ಕೋರಿದ್ದ ಅರ್ಜಿಯನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಮದುವೆ, ಪರಿಹಾರ ಧನ, ಕ್ಷಮೆ ಇವು ಯಾವುವೂ ಮೊಕದ್ದಮೆಗೆ ಪರ್ಯಾಯವಲ್ಲ ಎಂಬುದು ಇದರಿಂದ ತಿಳಿಯಬೇಕಾದ ಅಂಶ.

ಸಂಸ್ಥೆಗಳು ಮಾಡಬೇಕಾದುದೇನು?

ಬೆಂಗಳೂರು, ಮಂಗಳೂರು, ಮೈಸೂರು ಸೇರಿದಂತೆ ರಾಜ್ಯದ ಹಲವೆಡೆ ಚರ್ಚ್ ಆಡಳಿತದ ಶಾಲೆ, ಹಾಸ್ಟೆಲ್‌ಗಳಲ್ಲಿ ಎಲ್ಲ ಧರ್ಮಗಳ ಮಕ್ಕಳೂ ಓದುತ್ತಿದ್ದಾರೆ. ಹಾಗಾಗಿ ಇದು ಕ್ರೈಸ್ತ ಕುಟುಂಬಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಇದೇ ನಿಯಮಗಳು ಮಠ, ಮದರಸಾ, ಗುರುಕುಲಗಳಿಗೂ ಅನ್ವಯಿಸುತ್ತವೆ.

2020ರ ಪೋಕ್ಸೊ ನಿಯಮಗಳ ಪ್ರಕಾರ, ಮಕ್ಕಳನ್ನು ಇರಿಸಿಕೊಳ್ಳುವ ಅಥವಾ ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕು, ಅವರಿಗೆ ತರಬೇತಿ ಕೊಡಿಸಬೇಕು. ಇದರ ಜೊತೆಗೆ ಅನ್ಯ ದೇಶಗಳ ಚರ್ಚ್‌ಗಳು ಕಹಿ ಅನುಭವದಿಂದ ಕಲಿತ ಕೆಲವು ಸರಳ ಕ್ರಮಗಳೂ ಇವೆ. ಮಕ್ಕಳ ಚಟುವಟಿಕೆಯಲ್ಲಿ ಕನಿಷ್ಠ ಇಬ್ಬರು ವಯಸ್ಕರು ಇರುವುದು, ಕೊಠಡಿಯ ಬಾಗಿಲಿಗೆ ಒಳಗು ಕಾಣುವಂತಹ ಗಾಜು ಅಳವಡಿಸುವುದು, ಮಕ್ಕಳ ಪಾಪನಿವೇದನೆಯನ್ನು ಇತರರಿಗೆ ಕಾಣುವ ಜಾಗದಲ್ಲಿ ನಡೆಸುವುದು, ಗುರುಗಳ ಖಾಸಗಿ ಕೋಣೆಗೆ ಮಕ್ಕಳ ಪ್ರವೇಶ ನಿಷೇಧಿಸುವುದು, ಪ್ರವಾಸದಲ್ಲಿ ವಯಸ್ಕರು ಮತ್ತು ಮಕ್ಕಳು ಬೇರೆ ಬೇರೆ ಕೋಣೆಗಳಲ್ಲಿ ಮಲಗುವುದು ಇವುಗಳಲ್ಲಿ ಸೇರಿವೆ. ಇವು ಯಾರೊಬ್ಬರ ಮೇಲಿನ ಅಪನಂಬಿಕೆಯಲ್ಲ. ಪ್ರಾಮಾಣಿಕ ಗುರುಗಳನ್ನು ಸುಳ್ಳು ಆರೋಪದಿಂದ ಕಾಪಾಡುವುದೂ ಇದೇ ನಿಯಮಗಳು.

ದೂರು ಬಂದಾಗ ಆರೋಪಿಯನ್ನು ತಕ್ಷಣ ಮಕ್ಕಳ ಸಂಪರ್ಕದಿಂದ ದೂರವಿಡಬೇಕು. ವರ್ಗಾವಣೆ ಪರಿಹಾರವಲ್ಲ. ಪೊಲೀಸರಿಗೆ ತಿಳಿಸುವ ಮೊದಲು ಆಂತರಿಕ ವಿಚಾರಣೆ ನಡೆಸುವುದು ಕೂಡ ಸರಿಯಲ್ಲ. ಅದರಿಂದ ಸಾಕ್ಷ್ಯ ನಾಶವಾಗುವ, ಮಗುವಿನ ಮೇಲೆ ಒತ್ತಡ ಬೀಳುವ ಸಂಭವವಿದೆ.

ಮಗು ಹೇಳಿಕೊಂಡಾಗ

ಮಗು ಒಮ್ಮೆಲೇ ಎಲ್ಲವನ್ನೂ ಹೇಳುವುದಿಲ್ಲ. ಚರ್ಚ್‌ಗೆ ಹೋಗಲು ಹಠಾತ್ತನೆ ನಿರಾಕರಿಸುವುದು, ನಿದ್ದೆಗೆಡುವುದು, ಓದಿನಲ್ಲಿ ಹಿಂದೆ ಬೀಳುವುದು, ವ್ಯಕ್ತಿಯೊಬ್ಬರ ಹೆಸರು ಕೇಳಿದೊಡನೆ ಮಂಕಾಗುವುದು ಸೂಚನೆಗಳಿರಬಹುದು. ಬೇರೆ ಕಾರಣಗಳಿಂದಲೂ ಹೀಗಾಗಬಹುದಾದ್ದರಿಂದ ಸಮಾಧಾನದಿಂದ ವಿಚಾರಿಸಬೇಕು.

ಮಗು ಮಾತನಾಡತೊಡಗಿದಾಗ ಗಾಬರಿಯಾಗದೆ ಕೇಳಿಸಿಕೊಳ್ಳುವುದು ಮುಖ್ಯ. 'ನಿನ್ನ ತಪ್ಪಿಲ್ಲ, ಹೇಳಿದ್ದು ಒಳ್ಳೆಯದಾಯಿತು' ಎಂಬ ಮಾತು ಮಗುವಿಗೆ ಧೈರ್ಯ ನೀಡುತ್ತದೆ. ಮತ್ತೆ ಮತ್ತೆ ಕೆದಕಿ ಕೇಳುವುದು, ಮಗುವಿನ ಬಾಯಿಗೆ ಉತ್ತರ ತುರುಕುವುದು ಕೂಡದು. ಯಾರಿಗೂ ಹೇಳುವುದಿಲ್ಲ ಎಂಬ ಭರವಸೆಯನ್ನೂ ನೀಡಬಾರದು. ಮಗು ಬಳಸಿದ ಪದಗಳನ್ನೇ ಬರೆದಿಟ್ಟುಕೊಂಡು, ಆರೋಪಿಯನ್ನು ತಾವೇ ಪ್ರಶ್ನಿಸಲು ಹೋಗದೆ, ಪೊಲೀಸರನ್ನು ಸಂಪರ್ಕಿಸಬೇಕು.

ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸೇವೆಯ 112 ದಿನದ 24 ಗಂಟೆಯೂ ಲಭ್ಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಾಗೂ ಮಕ್ಕಳ ಕಲ್ಯಾಣ ಸಮಿತಿಯ ನೆರವನ್ನೂ ಪಡೆಯಬಹುದು. ಸದುದ್ದೇಶದಿಂದ ಮಾಹಿತಿ ನೀಡಿದವರ ವಿರುದ್ಧ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರು ದೊಡ್ಡವರಾದ ಮೇಲೂ ದೂರು ನೀಡಬಹುದೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ.

ಬಿಷಪ್‌ಗೆ, ಶಾಲೆಯ ಮುಖ್ಯಸ್ಥರಿಗೆ, ಸಭೆಯ ಹಿರಿಯರಿಗೆ ವಿಷಯ ತಿಳಿಸಲು ಯಾವ ಅಡ್ಡಿಯೂ ಇಲ್ಲ. ಆದರೆ ಅವರಿಗೆ ತಿಳಿಸಿದ ಮಾತ್ರಕ್ಕೆ ಕಾನೂನು ವಿಧಿಸಿದ ಕರ್ತವ್ಯ ಪೂರ್ಣವಾಗುವುದಿಲ್ಲ. 1982ರಲ್ಲಿ ಬಾಸ್ಟನ್‌ನ ಮಹಿಳೆ ಬರೆದ ಪತ್ರ ಕಾರ್ಡಿನಲ್ ಕಚೇರಿಯನ್ನು ತಲುಪಿತ್ತು. ಗೇಗನ್ ಜೈಲು ಸೇರಿದ್ದು ಅದಾದ 20 ವರ್ಷಗಳ ನಂತರ.