ಒನ್ಸಿಲ್ಲ

ಒನ್ಸಿಲ್ಲ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ, ಮೈಯೆಲ್ಲ ಚುಕ್ಕೆಯ ಪುಟ್ಟ ಕಾಡುಬೆಕ್ಕು. ತೂಕ ಸಾಮಾನ್ಯವಾಗಿ 1.5ರಿಂದ 3 ಕೆ.ಜಿ.; ಅನೇಕ ಸಾಕುಬೆಕ್ಕುಗಳೇ ಇದಕ್ಕಿಂತ ಭಾರ. ಇಲಿ, ಹಕ್ಕಿ, ಹಲ್ಲಿಗಳು ಇದರ ಆಹಾರ. ಸುಮಾರು 75 ದಿನಗಳ ಗರ್ಭದ ನಂತರ ಒಂದೋ ಎರಡೋ ಮರಿ ಹಾಕುತ್ತದೆ. ಓಸೆಲಾಟ್, ಮಾರ್ಗೇ ಎಂಬ ಚುಕ್ಕೆಯ ಕಾಡುಬೆಕ್ಕುಗಳಂತೆ ಇದೂ ಲಿಯೋಪಾರ್ಡಸ್ ಕುಲದ್ದು. ಬೇರೆ ಬೆಕ್ಕುಗಳಿಗೆ 38 ವರ್ಣತಂತುಗಳಿದ್ದರೆ ಈ ಕುಲದವುಗಳಿಗೆ 36.

ಈ ಪ್ರಾಣಿಯನ್ನು ಕಾಡಿನಲ್ಲಿ ನೋಡಿದವರಿಗಿಂತ ಮ್ಯೂಸಿಯಂನ ಕಪಾಟಿನಲ್ಲಿ ಅದರ ಚರ್ಮವನ್ನು ನೋಡಿದವರೇ ಹೆಚ್ಚು. ಅದರ ಚರಿತ್ರೆಯ ಗೊಂದಲಗಳೆಲ್ಲ ಅಲ್ಲಿಂದಲೇ ಹುಟ್ಟಿದವು. 1775ರಲ್ಲಿ ಜರ್ಮನಿಯ ನಿಸರ್ಗಶಾಸ್ತ್ರಜ್ಞ ಶ್ರೇಬರ್ ಇದಕ್ಕೆ ಫೆಲಿಸ್ ಟೈಗ್ರಿನಾ ಎಂದು ಹೆಸರಿಟ್ಟಾಗ ಆಧಾರವಾಗಿದ್ದುದು ಫ್ರಾನ್ಸಿನ ಬ್ಯೂಫೋನ್ ಕೊಟ್ಟಿದ್ದ, ಫ್ರೆಂಚ್ ಗಯಾನಾದ ಕಯೆನ್ ಕಡೆಯ ಬೆಕ್ಕಿನ ವರ್ಣನೆ. ಬ್ಯೂಫೋನ್ ಅದನ್ನು ಕರೆದದ್ದು ಮಾರ್ಗೇ ಎಂದು! ಇಂದು ನಾವು ಮಾರ್ಗೇ ಎನ್ನುವ ಬೆಕ್ಕಿಗೆ ಅದರದೇ ವೈಜ್ಞಾನಿಕ ಹೆಸರು ಸಿಕ್ಕಿದ್ದು 1821ರಲ್ಲಿ. 1867ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಪಾರ್ಡಿನಾಯ್ಡಿಸ್ ಎಂದು ವರ್ಣಿಸಿದ ಚರ್ಮದ್ದು ಇನ್ನೂ ಸೋಜಿಗದ ಕಥೆ: ಅದು ಬಂದದ್ದು ಭಾರತದಿಂದ ಎಂದು ಗ್ರೇ ನಮೂದಿಸಿದ. ನಮ್ಮ ಚಿರತೆಬೆಕ್ಕಿನ ಮೈಚುಕ್ಕೆ ಬಲ್ಲವರಿಗೆ ಈ ತಪ್ಪು ತೀರಾ ಅಸಹಜ ಎನಿಸದು. ಕೊಲಂಬಿಯಾದ ಬೆಕ್ಕು ಅದೆಂದು ಆಮೇಲೆ ತಿದ್ದಲಾಯಿತು. ಐದು ವರ್ಷ ಕಳೆದು, 1872ರಲ್ಲಿ, ನಿಸರ್ಗಶಾಸ್ತ್ರಜ್ಞ ಹೆನ್ಸೆಲ್ ದಕ್ಷಿಣ ಬ್ರೆಜಿಲಿನ ಬೆಕ್ಕಿಗೆ ಗಟ್ಯುಲಸ್ ಎಂದು ಹೆಸರಿಟ್ಟ.

ಚರ್ಮವನ್ನಷ್ಟೇ ಕೈಯಲ್ಲಿಟ್ಟುಕೊಂಡು ಇದು ಒನ್ಸಿಲ್ಲವೋ ಮಾರ್ಗೇಯೋ ಎಂದು ಹೇಳಲು ಒಂದು ಗುರುತಿದೆ. ಹೆಗ್ಗತ್ತಿನ ಮೇಲೆ ಬೆರಳಾಡಿಸಬೇಕು. ಮಾರ್ಗೇ ಮತ್ತು ಓಸೆಲಾಟ್‌ಗಳಲ್ಲಿ ಅಲ್ಲಿನ ಕೂದಲು ತಲೆಯ ಕಡೆಗೆ ಮುಂದಕ್ಕೆ ಬಾಗಿರುತ್ತದೆ, ಒನ್ಸಿಲ್ಲದಲ್ಲಿ ಬೆನ್ನಿನ ಕಡೆಗೆ.

ಇಪ್ಪತ್ತನೆಯ ಶತಮಾನದ ವಿದ್ವಾಂಸರು ಹಳೆಯ ಹೆಸರುಗಳನ್ನೆಲ್ಲ ಒಟ್ಟುಗೂಡಿಸಿ ಶ್ರೇಬರನ ಟೈಗ್ರಿನಾದಿಂದ ಬಂದ ಟೈಗ್ರಿನಸ್ ಎಂಬ ಒಂದೇ ಪ್ರಭೇದದ ಉಪಪ್ರಭೇದಗಳನ್ನಾಗಿ ಮಾಡಿದರು. ಕೋಸ್ಟರಿಕದಿಂದ ಅರ್ಜೆಂಟೀನದ ಉತ್ತರ ಭಾಗದವರೆಗೆ ಒಂದೇ ಬೆಕ್ಕು ಎಂದಾಯಿತು. ಈ ಅನುಕೂಲದ ವರ್ಗೀಕರಣಕ್ಕೆ ಬೆಲೆ ತೆತ್ತದ್ದು ಬೆಕ್ಕು. ನಕ್ಷೆಯಲ್ಲಿ ಅರ್ಧ ಖಂಡ ತುಂಬಿಕೊಂಡ ಪ್ರಾಣಿ ಅಳಿವಿನ ಅಂಚಿನಲ್ಲಿದೆಯೆಂದರೆ ನಂಬುವವರಾರು?

ಅದೇ ಕಾಲದಲ್ಲಿ ಚುಕ್ಕೆತೊಗಲಿನ ಕೋಟು ಪಶ್ಚಿಮದ ನಗರಗಳಲ್ಲಿ ಭಾರಿ ಫ್ಯಾಷನ್ ಆಯಿತು. ಮೊದಲು ಓಸೆಲಾಟ್‌ಗೆ ಕುತ್ತು ಬಂತು; ಅದು ವಿರಳವಾದಂತೆ ವ್ಯಾಪಾರಿಗಳು ಸಣ್ಣ ಬೆಕ್ಕುಗಳತ್ತ ಹೊರಳಿದರು. ಬೆಕ್ಕು ಚಿಕ್ಕದಾದಷ್ಟೂ ಒಂದು ಕೋಟು ಹೊಲಿಯಲು ಬೇಕಾಗುವ ಜೀವಗಳು ಹೆಚ್ಚು. ಬ್ರೆಜಿಲ್ 1967ರ ಕಾನೂನಿನಿಂದ ವಾಣಿಜ್ಯ ಬೇಟೆಯನ್ನು ನಿಷೇಧಿಸಿತಾದರೂ ತೊಗಲಿನ ವಹಿವಾಟು ಎಂಬತ್ತರ ದಶಕದವರೆಗೂ ನಡೆದೇ ಇತ್ತು. 1989ರಲ್ಲಿ ಒನ್ಸಿಲ್ಲವನ್ನು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಲಾಯಿತು.

ವರ್ಗೀಕರಣದ ಗಂಟು ಬಿಚ್ಚತೊಡಗಿದ್ದು ಡಿಎನ್‌ಎ ಪರೀಕ್ಷೆಯಿಂದ. ಬ್ರೆಜಿಲಿನ ಈಶಾನ್ಯ ಭಾಗದ ಮತ್ತು ದಕ್ಷಿಣದ ಒನ್ಸಿಲ್ಲಗಳ ನಡುವೆ ಇತ್ತೀಚಿನ ಬೆರಕೆಯ ಸುಳಿವೇ ಇಲ್ಲವೆಂದು 2013ರಲ್ಲಿ ತಾತಿಯಾನೆ ತ್ರಿಗೊ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಈಶಾನ್ಯದ ಬೆಕ್ಕು ಎಂದೋ ಪಂಪಾಸ್ ಬೆಕ್ಕು ಎಂಬ ಬೇರೊಂದು ಪ್ರಭೇದದೊಡನೆ ಕೂಡಿದ ಕುರುಹನ್ನು ಹೊತ್ತಿತ್ತು. ದಕ್ಷಿಣದ್ದು ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಜೆಫ್ರಾಯ್ ಬೆಕ್ಕು ಎಂಬ ಇನ್ನೊಂದು ಪ್ರಭೇದದೊಡನೆ ಇಂದಿಗೂ ಕೂಡುತ್ತಿದೆ. ಹೀಗೆ ಹೆನ್ಸೆಲ್‌ನ ಗಟ್ಯುಲಸ್ ಮತ್ತೆ ಸ್ವತಂತ್ರ ಪ್ರಭೇದವಾಯಿತು. ಇದರ ಬಣ್ಣ ಗಾಢ, ಚುಕ್ಕೆಗಳು ದೊಡ್ಡವು, ಕಿವಿ ದುಂಡಗೆ, ಬಾಲ ತುಸು ಗಿಡ್ಡ. 2024ರಲ್ಲಿ ತಾದೆಯು ದಿ ಒಲಿವೇರಾ ನೇತೃತ್ವದ ತಂಡ ಆಂಡೀಸ್ ಮತ್ತು ಮಧ್ಯ ಅಮೆರಿಕದ ಮೋಡಕಾಡುಗಳ ಬೆಕ್ಕನ್ನೂ ಬೇರ್ಪಡಿಸಿ, ಗ್ರೇ ಇಟ್ಟಿದ್ದ ಪಾರ್ಡಿನಾಯ್ಡಿಸ್ ಹೆಸರನ್ನೇ ಅದಕ್ಕೆ ಮರಳಿಸಿತು. ಟೈಗ್ರಿನಸ್ ಎಂಬ ಹೆಸರು ಈಗ ಗಯಾನಾ ಪ್ರಸ್ಥಭೂಮಿ ಹಾಗೂ ಬ್ರೆಜಿಲಿನ ಸವಾನಾ, ಕುರುಚಲು ಕಾಡಿನ ಬೆಕ್ಕಿಗೆ ಮಾತ್ರ.

ಹೆಸರು ಮೂರಾದಾಗ ಒಂದೊಂದರ ಪಾಲಿನ ನೆಲ ಕಿರಿದಾಯಿತು. ಗಟ್ಯುಲಸ್‌ಗೆ ಉಳಿದಿರುವುದು ಬಹುಪಾಲು ಕಡಿದು ಚೂರಾದ ಅಟ್ಲಾಂಟಿಕ್ ಅರಣ್ಯ. ಮೋಡಕಾಡಿನ ಇಳಿಜಾರುಗಳನ್ನು ತೋಟ, ಹುಲ್ಲುಗಾವಲುಗಳು ಕೊರೆಯುತ್ತಿವೆ. ದಟ್ಟಕಾಡು ಉಳಿದಲ್ಲಿಯೂ ಓಸೆಲಾಟ್ ಹೆಚ್ಚಿದ್ದರೆ ಈ ಬೆಕ್ಕುಗಳು ಕಡಿಮೆಯಾಗುವುದು ಕಂಡುಬಂದಿದೆ. ದೊಡ್ಡ ಸೋದರನಿಗೆ ಹೆದರಿ ಅವು ರಕ್ಷಿತಾರಣ್ಯದ ಅಂಚಿಗೆ ಸರಿದರೆ ಅಲ್ಲಿ ರಸ್ತೆ, ಕೋಳಿಗೂಡು ಕಾಯುವ ರೈತ, ರೋಗ ಹರಡುವ ಊರನಾಯಿ. ಓಸೆಲಾಟ್‌ಗಾಗಿ ಕಾಪಿಟ್ಟ ಕಾಡು ಒನ್ಸಿಲ್ಲಕ್ಕೂ ಸಾಕಾದೀತೆಂಬ ಲೆಕ್ಕಾಚಾರ ಆದ್ದರಿಂದ ನಿಲ್ಲುವಂಥದ್ದಲ್ಲ.